ಅಮಾವಾಸ್ಯೆಗೆ ಹಗುರಾಗುವ ಎದೆ

ಉಬ್ಬಸ ಇದ್ದವರು ಅಮಾವಾಸ್ಯೆ ಹತ್ತಿರ ಬಂತೆಂದರೆ ಹೆದರುತ್ತಾರೆ. ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬಸ ಏರುತ್ತದೆ ಅನ್ನುವುದು ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಚರ್ಚೆಗೆ ಜಾಗವೇ ಇಲ್ಲದ ಮಾತು. ನಮ್ಮ ಮನೆಯಲ್ಲಿ ಮಾತ್ರ ಎಲ್ಲ ತಿರುಗಾಮುರುಗಾ. ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ತಿಂಗಳೆಲ್ಲ ಎದೆ ಸುಯ್ಗುಟ್ಟುತ್ತಿತ್ತು. ಅಮಾವಾಸ್ಯೆಯ ದಿನ ಹಗುರಾಗುತ್ತಿತ್ತು.

ಇದನ್ನು ಮೊದಲು ಕಂಡುಹಿಡಿದವರು ನಮ್ಮತ್ತೆ. ಕಂಡುಹಿಡಿದರು ಅಂದೆನಲ್ಲ, ಅದರಲ್ಲಿ ಕುಹಕ ಏನೂ ಇಲ್ಲ. ಅವರು ಕಂಡದ್ದು ನೂರಕ್ಕೆ ನೂರು ನಿಜ. ಅದರ ಅರ್ಥವನ್ನು ಮಾತ್ರ ನಾವೆಲ್ಲ ಸೇರಿ ಕೆಡಿಸಿದೆವು.

ನಮ್ಮದು ಮರಗೆಲಸದ ಆಚಾರ್ರ ಮನೆ. ನಾನೊಬ್ಬಳು ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿಕೊಂಡು ಸೀಮೆಸುಣ್ಣದ ಪುಡಿ ತಿನ್ನುತ್ತಿದ್ದೆ, ಅಷ್ಟೇ ವ್ಯತ್ಯಾಸ. ಮನೆಯವರು ದೇವರ ಮಂಟಪ ಮಾಡುವುದರಲ್ಲಿ ಹೆಸರು ಪಡೆದವರು. ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳಲ್ಲಿ ದೇವರು ಕೂತಿರುವುದು ಅವರು ಕೆತ್ತಿದ ಕಂಬಗಳ ನಡುವೆಯೇ. ಮನೆಯ ಹಿಂದಿನ ಶೀಟಿನ ಶೆಡ್ಡೇ ಅವರ ಕಾರ್ಖಾನೆ. ಜೊತೆಗೆ ಅವರ ತಂದೆಯ ಕಾಲದಿಂದಲೂ ಇದ್ದ ಒಬ್ಬ ಹಳೆಯ ಕೆಲಸಗಾರರು.

ನಾನು ಮದುವೆಯಾಗಿ ಬಂದಾಗ ಶೆಡ್ಡಿನಲ್ಲಿ ಗರಗಸ, ಉಳಿ, ಕೊಡತಿ, ಉಪ್ಪುಕಾಗದ ಇಷ್ಟೇ ಇದ್ದದ್ದು. ಮರದಿಂದ ಬೀಳುತ್ತಿದ್ದದ್ದು ಹೆಚ್ಚಾಗಿ ಚಕ್ಕೆ, ಸುರುಳಿ ಸುತ್ತಿದ ಸಿಪ್ಪೆ. ಗರಗಸದ ಹೊಟ್ಟನ್ನು ಅತ್ತೆ ಹೊಟ್ಟಿನ ಒಲೆಗೆ ಗಟ್ಟಿಯಾಗಿ ತುಂಬಿ ಸ್ನಾನದ ನೀರು ಕಾಯಿಸುತ್ತಿದ್ದರು. ನೆಲದ ಮೇಲೆ ಬಿದ್ದ ಹೊಟ್ಟನ್ನು ನಾನು ಕಾಲಿನಿಂದ ಸರಿಸಿದರೆ, "ಅದು ನಮ್ಮ ಅನ್ನ ಕಣೇ, ಕಾಲಲ್ಲಿ ಒದೀಬೇಡ" ಅನ್ನುತ್ತಿದ್ದರು. ಆಮೇಲೆ ಮೆಷಿನ್ನುಗಳು ಬಂದವು. ಗಿರ್ರನೆ ತಿರುಗಿ ಮರ ಉಜ್ಜುವ ಮೆಷಿನ್ನು ಬಂದ ಮೇಲೆ ಹೊಟ್ಟು ಗೋಧಿ ಹಿಟ್ಟಿನ ಹಾಗಾಯಿತು. ಕೆಳಗೆ ಬೀಳುವುದಕ್ಕೂ ಮನಸ್ಸಿಲ್ಲದೆ ಗಾಳಿಯಲ್ಲೇ ನಿಂತಿರುತ್ತಿತ್ತು.

ಒಣಹಾಕಿದ ಬಟ್ಟೆಯ ಮೇಲೆಲ್ಲ ಪುಡಿ ಕೂರುತ್ತದೆ ಎಂದು ಪಕ್ಕದ ಮನೆಯವರು ಬಂದು ಹೇಳಿದರು. ಜಗಳ ಏನಲ್ಲ, ನಗುನಗುತ್ತಲೇ ಹೇಳಿದರು. ಆದರೆ ನಮ್ಮ ಮನೆಯವರಿಗೆ ಯಾರಾದರೂ ನಗುತ್ತಾ ಹೇಳಿದರೇ ಹೆಚ್ಚು ಚುಚ್ಚುವುದು. ಮಾರನೆಯ ದಿನವೇ ಶೆಡ್ಡಿನ ಕಿಟಕಿಗಳಿಗೆ ಪ್ಲೈವುಡ್ ಹೊಡೆದರು. ಪಕ್ಕದವರ ಸೀರೆಗಳು ಬಚಾವಾದವು.

ಕೆಮ್ಮು ಯಾವಾಗ ಶುರುವಾಯಿತೆಂದು ಕೇಳಿದರೆ ಹೇಳಲಾರೆ. ಮೊದಮೊದಲು ಮೂಗು ಸೋರುತ್ತಿತ್ತು, ಕಣ್ಣು ಕೆಂಪಾಗುತ್ತಿತ್ತು. ಆಮೇಲೆ ಎದೆ ಹಿಡಿಯತೊಡಗಿತು. ವಿಚಿತ್ರ ಏನೆಂದರೆ, ಶೆಡ್ಡಿನಲ್ಲಿ ಇರುವಷ್ಟು ಹೊತ್ತು ಅಷ್ಟಾಗಿ ತೊಂದರೆ ಇರುತ್ತಿರಲಿಲ್ಲ. ಸಂಜೆ ಕೈಕಾಲು ತೊಳೆದು, ಒಳಗೆ ಬಂದು, ಕಾಫಿ ಲೋಟ ಹಿಡಿದು ಕೂತ ಮೇಲೆ ಸುಯ್ ಸುಯ್ ಶುರು. ಹಾಗಾಗಿ ತಪ್ಪೆಲ್ಲ ಮನೆಯ ತಲೆಗೇ ಬಂತು. ಮೊಸರು ನಿಂತಿತು, ಬಾಳೆಹಣ್ಣು ನಿಂತಿತು. ಫ್ಯಾನಿನ ಗಾಳಿ ಆಗದು, ನಾನು ಹಚ್ಚುವ ಊದುಬತ್ತಿ ಆಗದು. ಕೊನೆಗೆ ಯಾವುದೂ ಸಿಗದಿದ್ದರೆ ಬೆಂಗಳೂರಿನ ಥಂಡಿ ಇದ್ದೇ ಇತ್ತು. ಮೆಡಿಕಲ್ ಶಾಪಿನ ಸಿರಪ್ಪು, ದೊಡ್ಡಪತ್ರೆ ರಸ, ಮೆಣಸಿನ ಕಷಾಯ ಎಲ್ಲ ಆಯಿತು. ಡಾಕ್ಟರ ಹತ್ತಿರ ಹೋಗೋಣ ಬನ್ನಿ ಅಂದರೆ, "ಹೋದ್ರೆ ಬಾಯಿಗೆ ಔಷಧಿ ಹೊಡ್ಕೊಳ್ಳೋ ಪಂಪ್ ಕೊಡ್ತಾರೆ. ಒಂದ್ಸಲ ಪಂಪ್ ಹಿಡಿದ್ರೆ ಸಾಯೋವರ್ಗೂ ಬಿಡಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ನಮ್ಮ ಮಾವನವರೂ ಕೆಮ್ಮಿಕೊಂಡೇ ಹೋದವರು. ಅದಕ್ಕೆ ಬೀಡಿ ಕಾರಣವೆಂದು ಇಡೀ ಬಳಗವೇ ತೀರ್ಪು ಕೊಟ್ಟಾಗಿತ್ತು. ಶೆಡ್ಡಿನ ಹಳೆಯ ಕೆಲಸಗಾರರೂ ಕೆಮ್ಮುತ್ತಿದ್ದರು. ಅವರಿಗೂ ಬೀಡಿಯದೇ ಬೈಗುಳ. ನಮ್ಮ ಮನೆಯವರು ಬೀಡಿ ಮುಟ್ಟಿದವರೇ ಅಲ್ಲ. ಹಾಗಾದರೆ ಇವರಿಗೇಕೆ ಎಂದು ಯಾರೂ ಕೇಳಲಿಲ್ಲ. ಮರಗೆಲಸದವರು ಕೆಮ್ಮುವುದು ನಮ್ಮ ಕಡೆ ಅಡುಗೆಯವರ ಕೈಗೆ ಮಸಾಲೆ ವಾಸನೆ ಇದ್ದ ಹಾಗೆ.

ಇನ್ನು ಅಮಾವಾಸ್ಯೆಯ ವಿಷಯ. ನಮ್ಮವರಲ್ಲಿ ಅಮಾವಾಸ್ಯೆಯ ದಿನ ಆಯುಧ ಮುಟ್ಟುವುದಿಲ್ಲ. ಭಾನುವಾರವೂ ಕೆಲಸ ಮಾಡಿಯಾರು, ಅಮಾವಾಸ್ಯೆಗೆ ಮಾಡರು. ಉಳಿ, ಗರಗಸಗಳನ್ನು ಒರೆಸಿ, ಎಣ್ಣೆ ಸವರಿ, ಅರಿಸಿನ ಕುಂಕುಮವಿಟ್ಟು ಸಾಲಾಗಿ ಮಲಗಿಸುತ್ತಾರೆ. ಮೆಷಿನ್ನುಗಳಿಗೂ ಕುಂಕುಮ. ಮಾರನೆಯ ದಿನ ಪಾಡ್ಯ, ಹೊಸ ಕೆಲಸಕ್ಕೆ ಕೈಹಾಕುವಂತಿಲ್ಲ, ಹಾಗಾಗಿ ನಮ್ಮ ಶೆಡ್ಡಿಗೆ ಅವತ್ತೂ ಅರ್ಧ ಬೀಗ. ಅಮಾವಾಸ್ಯೆಗೆ ಅಮ್ಮ ಮಗ ಇಬ್ಬರೂ ಚಿಕ್ಕಪೇಟೆಯ ಸಂದಿಯೊಳಗಿರುವ ನಮ್ಮ ಕುಲದೇವಿಯ ಗುಡಿಗೆ ಹೋಗುತ್ತಿದ್ದರು. ಬೆಳಗ್ಗೆ ಮೆಟ್ರೋ ಮೆಟ್ಟಿಲು ಹತ್ತಲು ನಿಂತು ನಿಂತು ಹೋದ ನಮ್ಮ ಮನೆಯವರು ಸಂಜೆಯ ಹೊತ್ತಿಗೆ ವಿಶ್ವೇಶ್ವರಪುರದ ತಿಂಡಿ ಬೀದಿಗೆ ನಡೆದೇ ಹೋಗೋಣ ಅನ್ನುವಷ್ಟು ಹುಷಾರಾಗುತ್ತಿದ್ದರು.

"ಊರಿಗೆಲ್ಲ ಅಮಾವಾಸ್ಯೆಗೆ ಉಬ್ಬಸ ಜಾಸ್ತಿ ಆಗತ್ತೆ. ನನ್ ಮಗಂಗೆ ಮಾತ್ರ ಕಮ್ಮಿ ಆಗತ್ತೆ. ಇದು ಅಮ್ಮನವರ ಕೃಪೆ ಅಲ್ದೆ ಇನ್ನೇನು?" ಅತ್ತೆ ಕೇಳುತ್ತಿದ್ದರು.

ನಿಜ ಹೇಳಬೇಕೆಂದರೆ ಕೃಪೆಯೇ ಇರಲಿ ಎಂಬ ಆಸೆ ನನಗೂ ಇತ್ತು. ಗಂಡನ ಎದೆಯ ಸದ್ದು ಕೇಳಿಕೊಂಡು ಸಂಜೆ ಉತ್ತರಪತ್ರಿಕೆ ತಿದ್ದುವವಳಿಗೆ ಯಾರ ಕೃಪೆಯಾದರೂ ಬೇಕಿತ್ತು.

ಒಂದು ಅಮಾವಾಸ್ಯೆ ಅತ್ತೆ ಗುಡಿಯಲ್ಲಿ ಹರಕೆ ಹೊತ್ತು ಬಂದರು. ಮಗನ ಉಬ್ಬಸ ಪೂರ್ತಿ ನಿಂತರೆ ಗರ್ಭಗುಡಿಗೆ ಅವನ ಕೈಯಾರೆ ಕೆತ್ತಿದ ಬೀಟೆ ಮರದ ಜೋಡಿ ಕದ ಮಾಡಿಸಿ ಒಪ್ಪಿಸುವುದು. ಹರಕೆ ಅಂದರೆ ಮೊದಲು ಕೆಲಸ ಆಗಬೇಕು, ಆಮೇಲೆ ತೀರಿಸಬೇಕು. ನಮ್ಮತ್ತೆಗೆ ಅಷ್ಟು ತಾಳ್ಮೆ ಎಲ್ಲಿ? ದೇವಿ ತಿಂಗಳು ತಿಂಗಳೂ ಸೂಚನೆ ಕೊಡುತ್ತಿದ್ದಾಳೆ, ನಾವು ಮುಂಚೆಯೇ ಶುರು ಮಾಡಿಬಿಟ್ಟರೆ ಅವಳೂ ಬೇಗ ಮನಸ್ಸು ಮಾಡುತ್ತಾಳೆ ಎಂದರು. ನಮ್ಮ ಮನೆಯವರಿಗೂ ಕೈ ಕಡಿಯುತ್ತಿತ್ತು. ಗಿರಾಕಿಗಳು ಒಂದೇ ಮಾದರಿಯ ಮಂಟಪ ಕೇಳಿ ಕೇಳಿ ಬೇಸರವಾಗಿತ್ತು. ಬಸವನಗುಡಿಯಲ್ಲಿ ಕೆಡವುತ್ತಿದ್ದ ಹಳೆಯ ಮನೆಯೊಂದರ ಬೀಟೆ ತೊಲೆಗಳನ್ನು ತಂದು ಸೀಳಿಸಿದರು. ಹಗಲು ಗಿರಾಕಿಗಳ ಕೆಲಸ, ಸಂಜೆ ದೇವಿಯ ಕದ.

ಹಳೆಯ ಬೀಟೆ ನೋಡಲು ಎಷ್ಟು ಚೆಂದವೋ ಉಜ್ಜಿದಾಗ ಏಳುವ ಪುಡಿ ಅಷ್ಟು ನುಣುಪು, ಅಷ್ಟು ಘಾಟು. ಅವರ ಕರವಸ್ತ್ರ ಒಗೆದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಕೊರೋನಾ ಕಾಲದ ಬಟ್ಟೆ ಮಾಸ್ಕುಗಳು ಮನೆಯಲ್ಲಿ ರಾಶಿ ಇದ್ದವು, ಕಟ್ಟಿಕೊಳ್ಳಿ ಎಂದು ಕೊಟ್ಟೆ. ಕಟ್ಟಿಕೊಂಡರು, ಗಲ್ಲದ ಕೆಳಗೆ. ಮೊದಲ ಕದ ಮುಗಿಯುತ್ತಾ ಬಂದಾಗ ಅವರು ಎರಡು ಮಾತಿನ ನಡುವೆ ಉಸಿರು ಹಿಡಿಯಲು ನಿಲ್ಲುತ್ತಿದ್ದರು.

"ಅಮ್ಮನವರಿಗೆ ಕೋಪ ಬಂದಿರ್ಬೇಕು. ಕೆಲಸ ನಿಧಾನ ಆಯ್ತು" ಎಂದರು ಅತ್ತೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಉಬ್ಬಸ ಹೆಚ್ಚಾದಷ್ಟೂ ಬೇಗ ಮುಗಿಸಬೇಕು ಎಂದು ಹೆಚ್ಚು ಹೊತ್ತು ಕೂತರು. ಹೆಚ್ಚು ಹೊತ್ತು ಕೂತಷ್ಟೂ ಉಬ್ಬಸ ಹೆಚ್ಚಾಯಿತು. ಮೊದಲ ಕದ ಮುಗಿಯಿತು. ಬಳ್ಳಿ, ಬಳ್ಳಿಯ ಸುಳಿಯಲ್ಲಿ ಹಂಸ, ನಡುವೆ ಅರಳಿದ ತಾವರೆ, ಬೆರಳಾಡಿಸಿದರೆ ಎಲ್ಲೂ ತಡೆಯದಷ್ಟು ನಯ. ಎರಡನೆಯದು ಹಲಗೆ ಜೋಡಿಸಿ ನಿಲ್ಲಿಸಿದ್ದಷ್ಟೇ, ಮೇಲೆ ಪೆನ್ಸಿಲ್ ಗೆರೆ ಕೂಡ ಬಿದ್ದಿರಲಿಲ್ಲ. ಅಷ್ಟರಲ್ಲಿ ಅಮಾವಾಸ್ಯೆ ಬಂತು.

ಬೆಳಗ್ಗೆ ಅತ್ತೆಯೇ ಹೇಳಿದರು. "ಬೇರೆಯವರ ಕೆಲಸ ಆದ್ರೆ ಮುಟ್ಟಬಾರ್ದು. ಇದು ಅಮ್ಮನವರದ್ದೇ ಅಲ್ವಾ? ಇವತ್ತೇ ಗೆರೆ ಹಾಕಪ್ಪಾ. ದೋಷ ಇಲ್ಲ."

ಮಗ ಅನುಮಾನಿಸಿದರು. ಆಮೇಲೆ ಕುಂಕುಮವಿಟ್ಟು ಮಲಗಿಸಿದ್ದ ಮೆಷಿನ್ನಿಗೆ ಕೈಮುಗಿದು ಎತ್ತಿಕೊಂಡರು. ಗೆರೆ ಹಾಕುವ ಮೊದಲು ಹಲಗೆ ನಯವಾಗಬೇಕಿತ್ತು, ಉಜ್ಜಲು ಕೂತರು. ನನಗೆ ಅವತ್ತು ಸ್ಕೂಲಿತ್ತು. ಸಂಜೆ ನಾನು ಗೇಟು ತೆಗೆಯುವಾಗಲೇ ಆ ಸದ್ದು ಕೇಳಿಸಿತು. ಜಗುಲಿಯ ಮೇಲೆ ಮಂಡಿಗೆ ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದರು, ತುಟಿ ನೀಲಿಗಟ್ಟಿತ್ತು. ಅತ್ತೆ ಬೆನ್ನು ನೀವುತ್ತಾ ಅಮ್ಮನವರ ಹೆಸರು ಹೇಳುತ್ತಿದ್ದರು. ನನ್ನನ್ನು ನೋಡಿ ಮನೆಯವರು ಏನೋ ಹೇಳಲು ಬಾಯಿ ತೆರೆದರು, ಮಾತು ಬರಲಿಲ್ಲ. ನಾನು ಚೀಲ ಅಲ್ಲೇ ಎಸೆದು ರಸ್ತೆಗೆ ಓಡಿ ಆಟೋ ಹಿಡಿದು ತಂದೆ.

ವಿಶ್ವೇಶ್ವರಪುರದ ಒಂದು ಚಿಕ್ಕ ಕ್ಲಿನಿಕ್ಕು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತಾಡದೆ ಮೊದಲು ಅವರ ಮುಖಕ್ಕೆ ಔಷಧಿಯ ಹೊಗೆ ಬರುವ ಮಾಸ್ಕ್ ಕಟ್ಟಿದಳು, ಇಂಜೆಕ್ಷನ್ ಕೊಟ್ಟಳು. ಸ್ವಲ್ಪ ಹೊತ್ತಿಗೆ ತುಟಿಗೆ ಬಣ್ಣ ಬಂತು. ಆಗ ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ.

ಅತ್ತೆ ಗೋಳಾಡುತ್ತಲೇ ಇದ್ದರು. "ಅಮಾವಾಸ್ಯೆ ದಿನ ಯಾವತ್ತೂ ಬಂದಿರ್ಲಿಲ್ಲ ಕಣಮ್ಮಾ. ಅವತ್ತೊಂದಿನ ಚೆನ್ನಾಗಿರ್ತಿದ್ದ. ಇವತ್ತು ಅಮ್ಮನವರೂ ಕೈ ಬಿಟ್ರು."

ಚೀಟಿ ಬರೆಯುತ್ತಿದ್ದ ಡಾಕ್ಟರು ತಲೆ ಎತ್ತಿದಳು. "ಅಮಾವಾಸ್ಯೆಗೆ ಏನ್ ಮಾಡ್ತಾರೆ ಅಜ್ಜಿ ಅವ್ರು?"

"ಏನೂ ಮಾಡಲ್ಲ. ಗುಡಿಗೆ ಬರ್ತಾನೆ, ಊಟ ಮಾಡ್ತಾನೆ, ಮಲಗ್ತಾನೆ. ನಮ್ಮಲ್ಲಿ ಅವತ್ತು ಉಳಿ ಮುಟ್ಟಲ್ಲ."

"ಇವತ್ತು?"

ಅತ್ತೆ ಮಗನ ಕಡೆ ತಿರುಗಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. "ಇವತ್ತು ಮುಟ್ಟಿದ" ಎಂದರು. "ನಾನೇ ಮುಟ್ಟಿಸ್ದೆ."

ಡಾಕ್ಟರು ಕುರ್ಚಿ ಎಳೆದುಕೊಂಡು ಅವರ ಎದುರೇ ಕೂತು ಹೇಳಿದಳು. ಇದು ಮರದ ಪುಡಿಗೆ ಬರುವ ಆಸ್ತಮಾ. ಕೆಲಸಕ್ಕೆ ಹೋದ ದಿನ ಹೆಚ್ಚು, ಬಿಟ್ಟ ದಿನ ಕಮ್ಮಿ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಒಳಕ್ಕೆ ಇಳಿಯುತ್ತದೆ, ಕೆಲವರಿಗೆ ತಕ್ಷಣ ತೋರುವುದಿಲ್ಲ, ಮನೆಗೆ ಬಂದ ಮೇಲೆ ತೋರುತ್ತದೆ. ಬಟ್ಟೆ ಮಾಸ್ಕು ಅದನ್ನು ತಡೆಯುವುದಿಲ್ಲ. ಒಮ್ಮೆ ಮೈಗೆ ಆಗದು ಅಂತಾದ ಮೇಲೆ ಚಿಟಿಕೆ ಪುಡಿಯೂ ಸಾಕು. ಬೀಟೆಯನ್ನಂತೂ ಇನ್ನು ಮುಟ್ಟಲೇಬಾರದು. ಪಂಪ್ ಚಟವಲ್ಲ, ಅದು ಊಟದ ಹಾಗೆ ಪ್ರತಿದಿನದ್ದು. "ಸರ್, ಪಂಪ್ ತಗೊಂಡು ಅದೇ ಧೂಳಲ್ಲಿ ಕೂತ್ಕೊಂಡ್ರೆ ನಾನೇನೂ ಮಾಡಕ್ಕಾಗಲ್ಲ. ಶ್ವಾಸಕೋಶ ಹೋದ್ರೆ ವಾಪಸ್ ಬರಲ್ಲ" ಎಂದಳು.

ಕೊನೆಗೆ ಉಸಿರಿನ ಬಲ ಅಳೆಯುವ ಒಂದು ಕೊಳವೆ ಕೊಟ್ಟು ಊದಿಸಿದಳು. ಆಳೆತ್ತರದ ತೊಲೆ ಒಬ್ಬರೇ ತಿರುಗಿಸುತ್ತಿದ್ದ ಮನುಷ್ಯ ಊದಿದರೆ ಅದರ ಮುಳ್ಳು ಸ್ವಲ್ಪ ಎದ್ದು ನಿಂತಿತು. ಅವರು ಆ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಅದು ಕೆಟ್ಟಿರಬಹುದು ಅನ್ನುವ ಹಾಗೆ.

ವಾಪಸು ಬರುವಾಗ ಆಟೋದಲ್ಲಿ ಅತ್ತೆ ನಡುವೆ ಕೂತಿದ್ದರು. ಮಗನಿಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಂದು, "ನಿಮ್ ಮಾವಂಗೂ ಇದೇ ಏನೇ? ನಾನು ಬೀಡಿ ಬೀಡಿ ಅಂತ ಬೈದು ಬೈದು ಕಳಿಸ್ದೆ" ಎಂದರು. ಬೀಡಿಯೂ ಇದ್ದಿರಬಹುದು, ಹೊಟ್ಟೂ ಇದ್ದಿರಬಹುದು. ಈಗ ಯಾರು ಹೇಳಬೇಕು? ನಾನು ಅವರ ಕೈ ಹಿಡಿದುಕೊಂಡೆ. ಆ ಕೈ ನನಗೆ ಎಷ್ಟೋ ಸಲ ಸಿಟ್ಟು ಬರಿಸಿದ ಕೈ.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಯುದ್ಧವೇ. ಪಂಪ್ ತೆಗೆದುಕೊಂಡು ಎದೆ ಸ್ವಲ್ಪ ತೆರೆದುಕೊಂಡದ್ದೇ ತಡ, ಮನೆಯವರು ಶೆಡ್ಡಿನ ಕಡೆ ನೋಡತೊಡಗಿದರು. ಮಂಟಪದ ಕೆಲಸ ಬಿಡುತ್ತೇನೆ, ಹೊರಗೆ ಕೊಡುತ್ತೇನೆ ಎಂದು ಒಪ್ಪಿಕೊಂಡರು. ಕದ ಮಾತ್ರ ಮುಗಿಸಿಯೇ ಬಿಡುವುದು.

"ಜೋಡೀಲಿ ಒಂದು ಕೆತ್ತಿ ಒಂದು ಬೋಳು ಬಿಡೋದಾ? ದೇವಿಗೆ ಅರ್ಧ ಕೆಲಸ ಕೊಡ್ತಾರೇನೇ ಯಾರಾದ್ರೂ? ನನ್ ಕೈ ಕೆಲಸ ಅಂತ ನಾಳೆ ಜನ ಆಡ್ಕೊಳಲ್ವಾ?"

"ಬೇರೆಯವರ ಹತ್ರ ಕೆತ್ತಿಸಿ. ಈಗ ಕಂಪ್ಯೂಟರ್ ಮೆಷಿನ್ನೇ ಕೆತ್ತತ್ತಲ್ಲ."

"ಹರಕೆ ಹೊತ್ತಿರೋದು ನನ್ ಕೈಯಾರೆ ಅಂತ."

"ಹಾಗಾದ್ರೆ ನಿಮ್ಮ ಉಸಿರೂ ಅಲ್ಲೇ ಒಪ್ಪಿಸಿ ಬನ್ನಿ!" ಎಂದು ಕಿರುಚಿದೆ. ಬೀದಿಗೆ ಕೇಳಿಸಿರಬೇಕು, ಕೇಳಲಿ. ಶೆಡ್ಡಿಗೆ ಬೀಗ ಹಾಕಿ ಬೀಗದ ಕೈಯನ್ನು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಸ್ಕೂಲಿಗೆ ಹೋದೆ. ಅವರನ್ನು ಕಳೆದುಕೊಳ್ಳುವ ಭಯ ನನಗೆ. ಅರ್ಧ ಕೆಲಸ ಬಿಟ್ಟವನು ಅನ್ನಿಸಿಕೊಳ್ಳುವ ಭಯ ಅವರಿಗೆ. ಯಾರ ಭಯ ದೊಡ್ಡದು ಎಂದು ಇಬ್ಬರೂ ಜಗ್ಗಾಡಿದೆವು. ಅವರ ನೋವು ನನಗೆ ತಿಳಿಯುತ್ತಿರಲಿಲ್ಲ ಅಂತಲ್ಲ. ಕೈಯಲ್ಲಿ ವಿದ್ಯೆ ಇಟ್ಟುಕೊಂಡು ಸುಮ್ಮನೆ ಕೂರುವುದು ಎಂಥದ್ದೆಂದು ಗೊತ್ತಿತ್ತು, ಅವರ ಬೆರಳು ಊಟದ ತಟ್ಟೆಯ ಅಂಚಿನಲ್ಲಿ ಬಳ್ಳಿ ಬರೆಯುತ್ತಿದ್ದುದನ್ನು ನೋಡಿದವಳು ನಾನು.

ಈ ಜಗಳದಲ್ಲೆಲ್ಲ ಅತ್ತೆ ಒಂದೇ ಒಂದು ಮಾತೂ ಆಡಲಿಲ್ಲ. ಅವರು ಮಾತಾಡದೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಒಂದು ಬೆಳಗ್ಗೆ, ಅಮಾವಾಸ್ಯೆಯಲ್ಲ, ಸುಮ್ಮನೆ ಒಂದು ಬುಧವಾರ, "ರಜ ಹಾಕ್ತೀಯಾ? ಗುಡಿಗೆ ಹೋಗ್ಬೇಕು" ಎಂದರು. ಮಗನನ್ನು ಕರೆಯಲಿಲ್ಲ.

ಗುಡಿಯಲ್ಲಿ ಜನ ಇರಲಿಲ್ಲ. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು ಬಂದರು. ಅತ್ತೆ ಆರತಿ ತೆಗೆದುಕೊಳ್ಳದೆ ಗರ್ಭಗುಡಿಯ ಹೊಸ್ತಿಲ ಮುಂದೆ ನಿಂತು, ಎದುರು ಮನೆಯವಳ ಜೊತೆ ಮಾತಾಡುವ ದನಿಯಲ್ಲೇ ಹೇಳಿದರು. "ಹರಕೆ ಹೊತ್ತೋಳು ನಾನು, ಅವನಲ್ಲ. ಅವನ ಉಬ್ಬಸ ನಿಲ್ಲಿಸು ಅಂತ ಕೇಳ್ದೆ. ನೀನು ತಿಂಗಳು ತಿಂಗಳೂ ಉತ್ತರ ಹೇಳ್ತಾನೇ ಇದ್ದೆ, ಆ ಕೆಲಸದಿಂದ ಅವನ ಕೈ ಬಿಡಿಸು ಅಂತ. ನನಗೆ ಕೇಳಿಸ್ಲಿಲ್ಲ. ಒಂದು ಕದ ಆಗಿದೆ. ಇನ್ನೊಂದು ಹಾಗೇ ತಂದು ಒಪ್ಪಿಸ್ತೀನಿ. ತಪ್ಪಿದ್ರೆ ನನ್ ಮೇಲೆ ಹಾಕ್ಕೋ. ಅವನ ತಂಟೆಗೆ ಹೋಗ್ಬೇಡ."

ಅರ್ಚಕರು ಮೆಲ್ಲಗೆ, "ಜೋಡಿ ಕದ ಅಂದ್ಮೇಲೆ ಎರಡೂ ಒಂದೇ ಥರ ಇರ್ಬೇಕಲ್ವಾ ತಾಯಿ?" ಎಂದರು.

"ಅಮ್ಮನವರನ್ನ ಕಾಯೋದಕ್ಕೆ ಎರಡೂ ಗಟ್ಟಿಯಾಗಿದ್ರೆ ಸಾಕು" ಎಂದರು ಅತ್ತೆ. ಆಮೇಲೆ ಆರತಿ ತೆಗೆದುಕೊಂಡರು.

ಮನೆಗೆ ಬಂದು ಮಗನಿಗೆ ಹೇಳಿದರು. ನಮ್ಮ ಮನೆಯವರು ಇಡೀ ದಿನ ಉಣ್ಣಲಿಲ್ಲ. ಮಾರನೆಯ ದಿನ ಎದ್ದು, ಹಳೆಯ ಕೆಲಸಗಾರರಿಗೆ ಎರಡನೆಯ ಕದವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಎಣ್ಣೆ ಕುಡಿಸಲು ಹೇಳಿದರು. ಉಜ್ಜುವುದು ಬೇಡ ಅಂದರು. ತಾವು ಬಾಗಿಲ ಹೊರಗೇ ನಿಂತಿದ್ದರು. ಆ ಕೆಲಸಗಾರರನ್ನೂ ನಾನು ಅದೇ ಕ್ಲಿನಿಕ್ಕಿಗೆ ಎಳೆದುಕೊಂಡು ಹೋಗಿ ಕೊಳವೆ ಊದಿಸಿದೆ. ಶೆಡ್ಡಿನ ಕಿಟಕಿಗಳ ಪ್ಲೈವುಡ್ ಕಿತ್ತು, ಮೆಷಿನ್ನಿಗೆ ಪುಡಿ ಹೀರುವ ಚೀಲ ಕೂರಿಸಿ, ಗುಡಿಸುವ ಬದಲು ಒರೆಸುವ ಪದ್ಧತಿ ತಂದದ್ದೂ ಆಗಲೇ. ಈಗ ಮನೆಯವರು ಕಾಗದದ ಮೇಲೆ ವಿನ್ಯಾಸ ಬರೆದು ಕೊಡುತ್ತಾರೆ. ಪೂರ್ತಿ ವಾಸಿಯಾಗಿಲ್ಲ, ಆಗುವುದೂ ಇಲ್ಲವಂತೆ. ಪಂಪ್ ಜೇಬಿನಲ್ಲಿರುತ್ತದೆ.

ಕದ ಕೂರಿಸಿದ ದಿನ ಗುಡಿಯಲ್ಲಿ ಬಳಗವೆಲ್ಲ ಸೇರಿತ್ತು. ಬಲಗಡೆಯ ಕದದಲ್ಲಿ ಬಳ್ಳಿ, ಹಂಸ, ತಾವರೆ. ಎಡಗಡೆಯದು ಬರೀ ಹಲಗೆ, ಎಣ್ಣೆ ಕುಡಿದು ಕಪ್ಪಗೆ ಮಿನುಗುತ್ತಿತ್ತು. ಮನೆಯವರು ಕಂಬದ ಮರೆಯಲ್ಲಿ ನಿಂತಿದ್ದರು. ನಮ್ಮವರಲ್ಲೇ ಕೆಲಸ ಬಲ್ಲ ಒಬ್ಬ ಹಿರಿಯರು ಹತ್ತಿರ ಹೋಗಿ ಕೆತ್ತನೆಯನ್ನು ಬೆರಳಿನಿಂದ ಸವರಿ, ತಲೆದೂಗಿ, ಆಮೇಲೆ ಎಡಗಡೆಗೆ ತಿರುಗಿದರು.

"ಇದು ಆಚಾರ್ರ ಕೈ, ಗೊತ್ತಾಗತ್ತೆ. ಇದ್ಯಾರಪ್ಪಾ ಮಾಡಿದ್ದು, ಹೀಗೆ ಬೋಳಾಗಿ?"

ಎಲ್ಲರೂ ಕಂಬದ ಕಡೆ ನೋಡಿದರು. ನಮ್ಮ ಮನೆಯವರ ಮುಖ ಬಾಡಿತು. ಅಷ್ಟರಲ್ಲಿ ಅತ್ತೆ ಜನರ ನಡುವಿನಿಂದ ಮುಂದೆ ಬಂದರು.

"ಅದು ನನ್ ಮಗ ಕೆತ್ತಿದ್ದು. ಇದು ನನ್ ಮಗ ಕೆತ್ತದೆ ಬಿಟ್ಟಿದ್ದು" ಎಂದರು. "ನನ್ ಹರಕೆ ಇದೇ."

ಹೇಳಿ, ಬೋಳು ಕದವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆ ಹಿರಿಯರು ತಾವೂ ಅದನ್ನೇ ಮುಟ್ಟಿ ನಮಸ್ಕಾರ ಮಾಡಿದರು. ಕಂಬದ ಮರೆಯಲ್ಲಿ ನಮ್ಮ ಮನೆಯವರು ಅಳುತ್ತಿದ್ದರು. ನಾನು ಜನರೆದುರೇ ಹೋಗಿ ಅವರ ಬೆನ್ನ ಮೇಲೆ ಕೈಯಿಟ್ಟೆ. ಅಳುವಾಗಲೂ ಅವರ ಎದೆಯೊಳಗೆ ಏನೂ ಸದ್ದಾಗುತ್ತಿರಲಿಲ್ಲ.